ಎರಡನೆಯ ಸೌಂಡ್ ಕಾರ್ಡ್

ಏಪ್ರಿಲ್ 11, ಶುಕ್ರವಾರ

ನಿನ್ನೆಗೆ ಶಾಲೆ ಮುಗಿಯಿತು. ಇನ್ನು ಮೇ ಕೊನೆಯವರೆಗೆ ರಜೆ. ‘ಮಾಸ್ತರ್ರದ್ದ ಆರಾಮ ಬಿಡ್ರಿ’ ಎಂದು ಬೆಳಿಗ್ಗೆ ಹಾಲಿನವನೂ ಹೇಳಿ ಹೋದ. ಹತ್ತು ತಿಂಗಳು ಮೊರಬದ ಮಕ್ಕಳನ್ನೆಲ್ಲ ಹೈಸ್ಕೂಲಿನಲ್ಲಿ ಕೂಡಿಹಾಕಿಕೊಂಡು ಸಮಾಜ ವಿಜ್ಞಾನ ಹೇಳುವವನು ನಾನು. ಆರಾಮ ಯಾರದಾಗಿತ್ತು ಎಂದು ಈಗ ಅವರ ತಂದೆ ತಾಯಿಗಳಿಗೆ ತಿಳಿಯಲಿದೆ.

ಮಹಾಲಕ್ಷ್ಮಿ ರಜೆಯ ಮೊದಲ ದಿನವೇ ಅಟ್ಟಕ್ಕೆ ಏಣಿ ಹಚ್ಚಿಸಿದಳು. ಅಂಗನವಾಡಿಯಲ್ಲಿ ಮೂವತ್ತು ಮಕ್ಕಳನ್ನು ಸಾಲಾಗಿ ಕೂರಿಸುವ ನನ್ನ ಹೆಂಡತಿಗೆ ಮನೆಯಲ್ಲಿ ಸಾಲು ತಪ್ಪಿದವನು ನಾನೊಬ್ಬನೇ.

“ಗುಜರಿಯಂವ ಬಂದಾನ. ಆ ಡಬ್ಬಿ ಕೊಟ್ಟ ಬಿಡ್ಲೇನ್ರೀ?”

ಆ ಡಬ್ಬಿ ಎಂದರೆ ನನ್ನ ಕಂಪ್ಯೂಟರ್. 1999ರಲ್ಲಿ ಯುನೂಸ್ ಮತ್ತು ನಾನು ನವಲಗುಂದದ ಬಸ್ ನಿಲ್ದಾಣದ ಹಿಂದೆ ಗೇಮ್ ಸೆಂಟರ್ ಇಟ್ಟಿದ್ದೆವು. ಮೂರು ಕಂಪ್ಯೂಟರ್, ಆರು ಕುರ್ಚಿ, ಒಂದು ಫ್ಯಾನು. ನನಗೆ ಮಾಸ್ತರಿಕೆ ಸಿಕ್ಕಾಗ ಅಂಗಡಿ ಮುಚ್ಚಿ, ಪಾಲಿಗೆ ಬಂದ ಇದೊಂದನ್ನು ಹೊತ್ತುಕೊಂಡು ಬಂದೆ. ಅಂದಿನಿಂದ ಅಟ್ಟದಲ್ಲಿದೆ. ಅದು ಡಬ್ಬಿಯಲ್ಲ, ಇತಿಹಾಸ ಎಂದೆ. ಇತಿಹಾಸವನ್ನು ಕಿಲೋ ಲೆಕ್ಕದಲ್ಲಿ ತೆಗೆದುಕೊಳ್ಳುವುದಿಲ್ಲವೆಂದು ಗುಜರಿಯವನೇ ಹೊರಟುಹೋದ. ಗೆದ್ದೆ.

ಮೊನ್ನೆ ಬೆಳಿಗ್ಗೆ ಎದ್ದಾಗಿನಿಂದ ಎಡಗಿವಿ ಕಟ್ಟಿದೆ. ಒಳಗೆ ಗುಂಯ್ ಎನ್ನುವ ಸದ್ದು. ಹೋದ ವಾರದ ನೆಗಡಿಯ ಉಳಿಕೆ ಇರಬೇಕು. ಅವ್ವ ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟಳು. ಇಪ್ಪತ್ತು ವರ್ಷದಿಂದ ತನ್ನ ಕಿವಿಗೂ ಅದನ್ನೇ ಬಿಟ್ಟುಕೊಳ್ಳುತ್ತಿದ್ದಾಳೆ. ಅದರ ಗುಣ ಇಡೀ ಓಣಿಗೆ ಗೊತ್ತು. ಅವ್ವನಿಗೆ ಒಂದು ಮಾತು ಹೇಳಿದರೆ ಆಚೆ ಓಣಿಯವರು ‘ಏನಂದ್ರಿ?’ ಎಂದು ಹೊರಬರುತ್ತಾರೆ.

ಏಪ್ರಿಲ್ 13, ರವಿವಾರ

ಮುಚ್ಚಳ ಬಿಚ್ಚಿದೆ. ಕಾಲು ಶತಮಾನದ ಧೂಳು, ಮೂರು ಹಲ್ಲಿ ಮೊಟ್ಟೆ, ಒಂದು ಬೀಡಿ ತುಂಡು. ಬೀಡಿ ಯುನೂಸನದು. ಸೇದುವುದನ್ನು ಎಂದೋ ಬಿಟ್ಟೆ ಎಂದು ಹೇಳಿಕೊಂಡು ತಿರುಗುತ್ತಿದ್ದವನು, ಪುರಾವೆ ಇಲ್ಲಿದೆ.

ಆಶ್ಚರ್ಯವೆಂದರೆ ಒತ್ತಿದ ತಕ್ಷಣ ಚಾಲೂ ಆಯಿತು. ಈಗಿನ ವಸ್ತುಗಳು ವಾರಂಟಿ ಮುಗಿಯುವ ದಿನ ಪಂಚಾಂಗ ನೋಡಿಕೊಂಡು ಸಾಯುತ್ತವೆ. ಇದಕ್ಕೆ ಪಾಪ, ಆ ವಿದ್ಯೆ ಕಲಿಸಿರಲಿಲ್ಲ.

ಆಟದಲ್ಲಿ ಗುಂಡಿನ ಸದ್ದು ಬಂತು. ಹಿನ್ನೆಲೆಯ ಸಂಗೀತ ಮಾತ್ರ ತಗಡಿನ ಡಬ್ಬಿಯಲ್ಲಿ ದುಂಬಿ ಹಾಕಿ ಅಲುಗಾಡಿಸಿದಂತೆ. ಆಗಲೂ ಹಾಗೇ ಇತ್ತು. ಒಳಗಿರುವ ಸೌಂಡ್ ಕಾರ್ಡ್ ಗುಂಡು ಹಾರಿಸುವುದರಲ್ಲಿ ಗಟ್ಟಿ, ಹಾಡುವುದರಲ್ಲಿ ನಮ್ಮ ಹೆಡ್ ಮಾಸ್ತರರಷ್ಟೇ. ಹಾಡಿಗೆಂದೇ ಬೇರೊಂದು ಕಾರ್ಡ್ ಹಾಕಿ ಎರಡನ್ನೂ ಒಟ್ಟಿಗೆ ದುಡಿಸಬೇಕೆಂದು ಆ ಕಾಲದಲ್ಲಿ ನನಗೆ ಹುಚ್ಚು. ಬಲಗಿವಿಗೆ ಗುಂಡು, ಎಡಗಿವಿಗೆ ಹಾಡು. ಒಂದೊಂದು ಕಾರ್ಡಿಗೆ ಒಂದೊಂದು ಕಿವಿ. ನೋಟ್‌ಬುಕ್ಕಿನಲ್ಲಿ ಚಿತ್ರವನ್ನೂ ಬರೆದಿದ್ದೆ. ಅಂಥ ಒಳ್ಳೆಯ ಕಾರ್ಡ್ ಅಂಗಡಿಯಲ್ಲಿ ಒಂದೇ ಇತ್ತು, ಅದು ಯುನೂಸನ ಪಾಲಿಗೆ ಹೋಯಿತು. ಅವನ ಹತ್ತಿರ ಇನ್ನೂ ಇದ್ದರೂ ಇರಬಹುದು. ಅವನು ತನ್ನ ಅಂಗಡಿಯಲ್ಲಿ ಸುಟ್ಟ ಚಾರ್ಜರುಗಳನ್ನೂ ಎಸೆಯದ ಮನುಷ್ಯ.

ಮಹಾಲಕ್ಷ್ಮಿ ಇತ್ತೀಚೆಗೆ ಬಾಯೊಳಗೇ ಮಾತಾಡುವುದನ್ನು ಕಲಿತಿದ್ದಾಳೆ. ಅಂಗನವಾಡಿಯಲ್ಲಿ ಮಕ್ಕಳನ್ನು ಮಲಗಿಸಿ ಮಲಗಿಸಿ ರೂಢಿಯಾಗಿರಬೇಕು.

ಏಪ್ರಿಲ್ 16, ಬುಧವಾರ

ನವಲಗುಂದಕ್ಕೆ ಬೈಕಿನಲ್ಲಿ ಹೋಗಿ ಬಂದೆ. ಯುನೂಸನ ಅಂಗಡಿಯಲ್ಲಿ ಝೆರಾಕ್ಸ್, ರಿಚಾರ್ಜ್, ಪಾಸ್‌ಪೋರ್ಟ್ ಫೋಟೋ, ಆಧಾರ ತಿದ್ದುಪಡಿ ಎಲ್ಲ ಇವೆ. ಕೂರಲು ಜಾಗ ಮಾತ್ರ ಇಲ್ಲ. ಕಾರ್ಡ್ ಇತ್ತು. ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿ, ಮಗಳ ಮದುವೆಯ ಬಂಗಾರದ ಹಾಗೆ ಇಟ್ಟಿದ್ದ.

“ತಗೋಲೇ ಹೊಳ್ಯಾ. ನಲವತ್ತೇಳನೇ ವಯಸ್ಸಿಗೆ ಗುಂಡ ಹೊಡಿಯೂದು ನಿನ್ನ ಹಣ್ಯಾಗ ಬರದಿದ್ರ ನಾ ಯಾಕ ತಪ್ಪಿಸ್ಲಿ.” ನನ್ನನ್ನು ಈಗಲೂ ಹೊಳ್ಯಾ ಎಂದು ಕರೆಯುವವನು ಅವನೊಬ್ಬನೇ.

ಅವನಿಗೂ ಮೊರಬದಲ್ಲಿ ಯಾರನ್ನೋ ನೋಡಬೇಕಾಗಿತ್ತಂತೆ. ನನ್ನ ಹಿಂದೆ ಕೂತ. ದಾರಿಯುದ್ದಕ್ಕೂ ನನ್ನ ಎಡ ಭುಜಕ್ಕೆ ಬಾಯಿ ಹಚ್ಚಿ ಏನೋ ಹೇಳುತ್ತಲೇ ಬಂದ. ಮೇಲೆ ಬಿಸಿಗಾಳಿ, ತಲೆಗೆ ಹೆಲ್ಮೆಟ್. ‘ತಬಸುಮ್’ ಎಂದು ಎರಡು ಸಲ ಕೇಳಿಸಿತು, ‘ಅಣ್ಣಿಗೇರಿ’ ಎಂದು ಒಮ್ಮೆ. ತಬಸುಮ್ ಅವನ ಮಗಳು. ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ, ಈಗ ಡಿಗ್ರಿ ಕೊನೆಯ ವರ್ಷ. ನಾನು ಹ್ಞೂಂ ಎಂದೆ. ಮಾತು ನಿಂತಾಗಲೆಲ್ಲ ಹ್ಞೂಂ ಎಂದೆ.

ಇಳಿದವನೇ ನನ್ನ ಎರಡೂ ಕೈ ಹಿಡಿದ. “ನೀ ಬಂದಿ ಅಂದ್ರ ನಂಗ ಆನಿ ಬಲ ಬಂದಂಗ” ಎಂದ.

ಎಲ್ಲಿಗೆ ಎಂದು ಕೇಳಲು ನಾಲಿಗೆ ತುದಿಗೆ ಬಂತು. ಅಷ್ಟು ದೂರ ಹ್ಞೂಂ ಎಂದವನು ಕೊನೆಗೆ ಎಲ್ಲಿಗೆ ಎಂದರೆ ಚೆನ್ನಾಗಿರುವುದಿಲ್ಲ. ಮುಖ್ಯವಾದ ವಿಷಯವಾದರೆ ಮತ್ತೆ ಹೇಳುತ್ತಾನೆ. ಯುನೂಸ್ ಯಾವ ಮಾತನ್ನೂ ಒಂದೇ ಸಲಕ್ಕೆ ಮುಗಿಸಿದವನಲ್ಲ.

ಏಪ್ರಿಲ್ 18, ಶುಕ್ರವಾರ

ಎರಡು ದಿನ ಎರಡು ಕಾರ್ಡುಗಳ ಪಂಚಾಯ್ತಿ. ಒಳಗಿರುವ ಪ್ರತಿ ಕಾರ್ಡೂ ಕಂಪ್ಯೂಟರಿನ ಗಮನ ಸೆಳೆಯಲು ಒಂದು ಗಂಟೆ ಬಾರಿಸುತ್ತದೆ. ಆ ಗಂಟೆಗೊಂದು ನಂಬರು. ಇವೆರಡಕ್ಕೂ ಐದನೆಯ ನಂಬರೇ ಬೇಕು. ಹಳೆಯ ಕಾರ್ಡ್ ‘ನಾನು ಸೀನಿಯರ್’ ಎನ್ನುತ್ತದೆ, ಹೊಸದು ‘ನಾನು ಹಾಡುಗಾರ’ ಎನ್ನುತ್ತದೆ, ಕಂಪ್ಯೂಟರ್ ಇಬ್ಬರ ಗೊಡವೆಯೂ ಬೇಡವೆಂದು ತೆಪ್ಪಗೆ ನಿಲ್ಲುತ್ತದೆ. ಟೈಮ್ ಟೇಬಲ್ ಹಾಕುವ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ನಡೆಯುವುದೂ ಇದೇ.

ಕೊನೆಗೆ ಹೊಸದರ ಪುಟ್ಟ ಪಿನ್ನು ಸರಿಸಿ ಏಳನೆಯ ನಂಬರಿಗೆ ಕಳಿಸಿದೆ. ಏಳು ಪ್ರಿಂಟರಿನದು. ಪ್ರಿಂಟರ್ ಮನೆಯಲ್ಲಿಲ್ಲ, ಇಲ್ಲದವನ ಜಾಗ ಕಿತ್ತುಕೊಂಡರೆ ಯಾರೂ ಜಗಳಕ್ಕೆ ಬರುವುದಿಲ್ಲ. ಕಂಪ್ಯೂಟರ್ ಎರಡನ್ನೂ ಗುರುತಿಸಿತು! ಆಟದ ಸೆಟ್ಟಿಂಗಿನಲ್ಲಿ ಗುಂಡು ಒಂದಕ್ಕೆ, ಹಾಡು ಇನ್ನೊಂದಕ್ಕೆ ಎಂದು ಹಂಚಿದೆ. ಎರಡು ಕಾರ್ಡಿನಿಂದ ಎರಡು ತಂತಿ ತಂದು ಒಂದೇ ಹೆಡ್‌ಫೋನಿಗೆ ನಾನೇ ಕೂತು ಬೆಸುಗೆ ಹಾಕಿದೆ. ಇಪ್ಪತ್ತಾರು ವರ್ಷದ ಕನಸು, ತಲೆಗೆ ಹಾಕಿಕೊಂಡೆ.

ಬಲಗಿವಿಯಲ್ಲಿ ಗುಂಡು ಅಗದಿ ಸ್ಪಷ್ಟ. ಎಡಗಿವಿಯಲ್ಲಿ ಏನೂ ಇಲ್ಲ.

ಹೆಡ್‌ಫೋನ್ ಹಳೆಯದು. ಎಡಗಡೆ ಸತ್ತಿದೆ.

ಏಪ್ರಿಲ್ 20, ರವಿವಾರ

ಹುಬ್ಬಳ್ಳಿಯಿಂದ ಹೊಸ ಹೆಡ್‌ಫೋನ್ ತರಿಸಿ, ಅದಕ್ಕೂ ಹಾಗೇ ಬೆಸುಗೆ ಹಾಕಿದೆ. ಇದರ ಎಡಗಡೆಯೂ ಸತ್ತಿದೆ. ಇಡೀ ದೇಶದ ಹೆಡ್‌ಫೋನುಗಳ ಎಡಗಡೆಯನ್ನು ಯಾವುದೋ ಒಬ್ಬ ಸೋಮಾರಿಯ ಕೈಗೆ ಕೊಟ್ಟಂತಿದೆ.

ಯುನೂಸನ ಮೂರು ಮಿಸ್ಡ್ ಕಾಲ್ ಬಂದಿದ್ದವು. ಫೋನ್ ಎಡಗಡೆ ಪೇಪರಿನ ಕೆಳಗಿತ್ತು, ಕೇಳಿಸಲಿಲ್ಲ. ತಿರುಗಿ ಮಾಡಿದರೆ ಎತ್ತಲಿಲ್ಲ.

ಏಪ್ರಿಲ್ 22, ಮಂಗಳವಾರ

ಯುನೂಸ್ ಇವತ್ತೂ ಎತ್ತಲಿಲ್ಲ. ಈಗ ತಿಳಿಯಿತು. ಹೆಡ್‌ಫೋನಿನದೇನೂ ತಪ್ಪಿಲ್ಲ, ಕಾರ್ಡೇ ಸತ್ತದ್ದು. ಸತ್ತದ್ದೆಂದು ಅವನಿಗೂ ಗೊತ್ತಿತ್ತು. ಅದಕ್ಕೇ ಚೀಲ ಸುತ್ತಿ, ಕೈ ಹಿಡಿದು, ಆನಿ ಬಲ ಎಂದು ಸಾಗಿಸಿಬಿಟ್ಟ.

ಎರಡು ತಂತಿಗಳನ್ನು ಅದಲುಬದಲು ಮಾಡಿ ನೋಡಿದರೆ ತಪ್ಪು ಯಾವುದರದು ಎಂದು ಒಂದು ನಿಮಿಷದಲ್ಲಿ ಖಚಿತವಾಗುತ್ತದೆ, ನಿಜ. ಆದರೆ ಅಷ್ಟು ಚೆಂದ ಹಾಕಿದ ಬೆಸುಗೆ. ಬಿಚ್ಚುವ ಮನಸ್ಸಾಗಲಿಲ್ಲ.

ಏಪ್ರಿಲ್ 24, ಗುರುವಾರ

ಅವರೆಕಾಳು ಹೊತ್ತಿ ಕುಕ್ಕರಿನ ತಳ ಹಿಡಿಯಿತು. ಐದು ಸೀಟಿಗೆ ಗ್ಯಾಸ್ ಬಂದ್ ಮಾಡ್ರಿ ಎಂದು ಮಹಾಲಕ್ಷ್ಮಿ ಮೂರು ಸಲ ಹೇಳಿದ್ದಳಂತೆ. ಹೇಳುವವರು ಎದುರಿಗೆ ನಿಂತು ಹೇಳಬೇಕು. ಹಿತ್ತಲಿನಿಂದ ಗೋಡೆಗೆ ಹೇಳಿದರೆ ಗೋಡೆ ಬಂದ್ ಮಾಡಬೇಕು.

ಸಂಜೆ ಕೂಡುರಸ್ತೆಯಲ್ಲಿ ಎಡಗಡೆಯಿಂದ ಒಂದು ಟ್ರ್ಯಾಕ್ಟರ್ ಒಮ್ಮೆಲೇ ಮೈಮೇಲೆ ಬಂತು. ಒಂದು ಗೇಣು ತಪ್ಪಿತು. ಹಾರ್ನ್ ಹಾಕುವ ಪದ್ಧತಿಯೇ ಊರಿನಲ್ಲಿ ಹೋಗಿದೆ. ಹಾಕಿದ್ದೆ ಎಂದು ಡ್ರೈವರ್ ನನ್ನ ಮೇಲೇ ಬಂದ. ಸುತ್ತ ನಿಂತವರೂ ಹಾಕಿದ್ದ ಎಂದರು. ಒಂದೇ ಊರಿನವರು, ಇನ್ನೇನು ಹೇಳುತ್ತಾರೆ.

ಏಪ್ರಿಲ್ 28, ಸೋಮವಾರ

ಕಾರ್ಡ್ ಬಿಚ್ಚಿಕೊಂಡು ನವಲಗುಂದಕ್ಕೆ ಹೋದೆ. ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಯುನೂಸ್ ನನ್ನ ಮುಖ ನೋಡಲಿಲ್ಲ. ಕಾರ್ಡನ್ನು ಕೌಂಟರಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದೆ.

“ಸತ್ತ ಮಾಲು ಕೊಟ್ಟೀಯಲ್ಲೊ. ಸತ್ತದ್ದೈತಿ ಅಂತ ಹೇಳಿದ್ರ ನಾ ಏನ್ ನಿನ್ನ ಜೀವಾ ತಗೀತಿದ್ನೇನು?”

ಅವನು ಝೆರಾಕ್ಸ್ ಮಷೀನಿನ ಕಡೆ ತಿರುಗಿ, ನನಗೆ ಬೆನ್ನು ಮಾಡಿ ಏನೋ ಅಂದ. ಮಷೀನು ಓಡುತ್ತಿತ್ತು. ‘ಬರ್ತೀನಿ ಅಂದಿದ್ದಿ’ ಎನ್ನುವುದಷ್ಟು ಕೇಳಿಸಿತು.

“ಬಂದೀನಲ್ಲ ಈಗ!” ಎಂದೆ.

ಅವನು ತಿರುಗಿ ನೋಡಿದ. ನಾನು ಎದುರಿಗೇ ಅವನ ಮುಖಕ್ಕೆ ಉಗುಳಿದ್ದರೆ ಹೇಗೆ ನೋಡುತ್ತಿದ್ದನೋ ಹಾಗೆ. ಕಾರ್ಡನ್ನು ನನ್ನ ಕಡೆ ಸರಿಸಿ, “ಹೋಗ್ರಿ ಮಾಸ್ತರ. ಗಿರಾಕಿ ಕಾಯಾಕತ್ತಾರ” ಎಂದ.

ನಲವತ್ತು ವರ್ಷದಲ್ಲಿ ಅವನು ನನಗೆ ‘ಹೋಗ್ರಿ’ ಎಂದದ್ದು ಇದೇ ಮೊದಲು. ತಪ್ಪು ಸಿಕ್ಕಿಬಿದ್ದವರಿಗೆ ಒಮ್ಮೆಲೇ ಮರ್ಯಾದೆ ಬರುತ್ತದೆ. ಮನೆಗೆ ಬಂದು ಸುಮ್ಮನೆ ಕಾರ್ಡನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸಿದೆ. ಯಾಕೆಂದು ಗೊತ್ತಿಲ್ಲ. ಊಟ ಸೇರಲಿಲ್ಲ, ಬದನೆಕಾಯಿಗೆ ಖಾರ ಹೆಚ್ಚಾಗಿತ್ತು.

ಮೇ 3, ಶನಿವಾರ

ಇದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು.

ಮಧ್ಯಾಹ್ನ ಮಹಾಲಕ್ಷ್ಮಿ ಅಂಗನವಾಡಿಗೆ ಹೋಗಿದ್ದಳು. ನಾನು ಆ ಕಾರ್ಡಿನ ಜೊತೆ ಕೊನೆಯ ಸಲ ಹೆಣಗಾಡುತ್ತಿದ್ದೆ. ಅದರ ವಾಲ್ಯೂಮನ್ನು ಪೂರ್ತಿ ಏರಿಸಿ, ಹಾಡು ಹಚ್ಚಿ, ಏನೂ ಕೇಳಿಸದೆ ಹೆಡ್‌ಫೋನನ್ನು ಮೇಜಿನ ಮೇಲೆ ಎಸೆದು ನೀರು ಕುಡಿಯಲು ಎದ್ದೆ. ತಿರುಗಿ ಬಂದರೆ ನನ್ನ ಕುರ್ಚಿಯಲ್ಲಿ ಅವ್ವ ಕೂತಿದ್ದಳು. ಹೆಡ್‌ಫೋನಿನ ಒಂದು ಬಟ್ಟಲನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಿದ್ದಳು. ಕಣ್ಣು ಮುಚ್ಚಿದ್ದಳು. ತಲೆ ತೂಗುತ್ತಿತ್ತು.

“ಯಪ್ಪಾ, ಇದರಾಗ ಬಾಜಾ ಬಾರಸಾಕತ್ತಾರಲ್ಲೊ!” ಎಂದಳು. “ಭಾಳ ಚಂದ ಬಾರಸಾಕತ್ತಾರ.”

ಎಪ್ಪತ್ತೆಂಟು ವರ್ಷದ, ಬೆನ್ನ ಹಿಂದೆ ಪಾತ್ರೆ ಬಿದ್ದರೂ ತಿರುಗಿ ನೋಡದ ನನ್ನ ಅವ್ವ.

ಕಿತ್ತುಕೊಂಡೆ. ಹೌದು, ಕಿತ್ತುಕೊಂಡೆ. ಅವಳು ಹಿಡಿದದ್ದು ಎಡ ಬಟ್ಟಲು. ನನ್ನ ಎಡಗಿವಿಗೆ ಒತ್ತಿದೆ. ಗುಂಯ್ ಎನ್ನುವ ಅದೇ ಸದ್ದು, ಬೇರೇನೂ ಇಲ್ಲ. ಇನ್ನೂ ಜೋರಾಗಿ ಒತ್ತಿದೆ. ಕಿವಿ ನೋಯಿತು. ಅವ್ವ ನನ್ನನ್ನೇ ನೋಡುತ್ತಿದ್ದಳು. ಬಲಗಿವಿಯ ಕಡೆ ಕೈ ತೋರಿಸಿ, “ಆ ಕಿವಿಗೆ ಹಿಡಿ” ಎಂದಳು.

ನಾನು ಹಿಡಿಯಲಿಲ್ಲ.

“ನಿಂದೂ ಹೋತು” ಎಂದಳು. ಮನೆಗೆ ಬಂದ ಬೀಗರನ್ನು ಗುರುತಿಸಿದಷ್ಟು ಸಲೀಸಾಗಿ. “ನಂಗ ಗೊತ್ತಿತ್ತ ಬಿಡು. ನೀ ನಗಾಕತ್ತಿದ್ದಿ.”

“ನಕ್ರ ಏನಾತಬೇ?” ಎಂದು ಕೂಗಿದೆ.

“ಯಾರ ಏನ ಅಂದ್ರೂ ನೀ ನಗಾಕತ್ತಿ. ಎಲ್ಲಾದಕ್ಕೂ ಹ್ಞೂಂ ಅನ್ನಾಕತ್ತಿ. ಕೇಳದವ್ರ ಹಂಗ ಮಾಡೂದು, ತಮ್ಮಾ. ಇಪ್ಪತ್ತ ವರ್ಷಾತು, ನಾನೂ ಹಂಗ ನಕ್ಕೋತ ಕುಂತೀನಿ.”

ಅವಳು ಹೆಡ್‌ಫೋನನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. ಮತ್ತೆ ಕಿವಿಗೆ ಹಚ್ಚಿಕೊಂಡು ಕೂತಳು. ನಾನು ಹಿತ್ತಲಿಗೆ ಹೋದೆ.

ಮೇ 4, ರವಿವಾರ

ಹೆಡ್‌ಫೋನ್ ತಿರುವಿ ಹಾಕಿಕೊಂಡೆ. ಹಾಡು ಕೇಳಿಸಿತು. ಗುಂಡಿನ ಸದ್ದು ಇಲ್ಲ.

ಎರಡೂ ಕಾರ್ಡ್ ನೆಟ್ಟಗಿವೆ. ಮೊದಲ ದಿನದಿಂದ ನೆಟ್ಟಗೇ ಇದ್ದವು.

ಮೇ 6, ಮಂಗಳವಾರ

ನಿನ್ನೆ ಮಹಾಲಕ್ಷ್ಮಿಗೆ ಹೇಳಿದೆ. ಅವಳು ಬೈಯಲಿಲ್ಲ, ಅದೇ ಕಷ್ಟವಾದದ್ದು. ಇವತ್ತು ಇಬ್ಬರೂ ಹುಬ್ಬಳ್ಳಿಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸಿದೆವು. ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿರಿ ಎಂದರು. ಬಲಗಿವಿಗೆ ಒತ್ತಿದೆ, ಒತ್ತಿದೆ, ಒತ್ತಿದೆ. ಎಡಗಿವಿಯ ಸರದಿ ಬಂದಾಗ ಅವರು ಇನ್ನೂ ಶುರುವೇ ಮಾಡಿಲ್ಲವೆಂದುಕೊಂಡು ಕೂತಿದ್ದೆ. ಬಾಗಿಲು ತೆರೆದು “ಮುಗೀತ್ರಿ” ಎಂದಳು ಆ ಹುಡುಗಿ.

ನೆಗಡಿಯ ಜೊತೆ ಬಂದ ಸೋಂಕು ಒಳಗಿನ ನರಕ್ಕೆ ಇಳಿದಿರಬೇಕಂತೆ. ಕೆಲವರಿಗೆ ಹೀಗೆ ರಾತ್ರಿ ಬೆಳಗಾಗುವುದರೊಳಗೆ ಹೋಗಿಬಿಡುತ್ತದಂತೆ. ಡಾಕ್ಟರ್ ಒಳ್ಳೆಯವರು, ಹೇಳುವಾಗ ಮೇಜಿನ ಮೇಲಿನ ಪೆನ್ನು ನೋಡುತ್ತಿದ್ದರು.

“ಮೊದಲ ಎರಡ ವಾರದಾಗ ಬಂದಿದ್ರ ಇಂಜೆಕ್ಷನ್ ಕೊಟ್ಟು ನೋಡಬಹುದಿತ್ರಿ. ಈಗೂ ಗುಳಿಗಿ ಬರದು ಕೊಡ್ತೀನಿ. ಆದ್ರ ಭಾಳ ಆಸೆ ಇಟಗೋಬ್ಯಾಡ್ರಿ.”

ಎರಡು ವಾರ ಎಂದರೆ ಏಪ್ರಿಲ್ 23ರವರೆಗೆ. ಮನೆಗೆ ಬಂದು ಈ ಪುಸ್ತಕದ ಪುಟ ತಿರುವಿ ನೋಡಿದೆ. ಆ ಎರಡು ವಾರದಲ್ಲಿ ನಾನು ಹೆಡ್‌ಫೋನ್ ಕೊಳ್ಳುತ್ತಿದ್ದೆ. ತಂತಿ ಬದಲಿಸಿ ನೋಡಲು ಒಂದು ನಿಮಿಷ ಸಾಕು ಎಂದು ನನ್ನ ಕೈಯಾರೆ ಬರೆದು, ಬೆಸುಗೆ ಚೆಂದ ಬಂದಿದೆ ಎಂದು ಕೂತಿದ್ದೆ. ಎಂಟನೆಯ ತರಗತಿಯ ಹುಡುಗ ಇಂಥ ಕಾರಣ ಹೇಳಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆ.

ಬಸ್ಸಿನಲ್ಲಿ ಮಹಾಲಕ್ಷ್ಮಿ ಕಿಟಕಿಯ ಕಡೆ ಕೂತಿದ್ದಳು. ನವಲಗುಂದ ದಾಟಿದ ಮೇಲೆ ಒಮ್ಮೆಲೇ ನನ್ನ ಕಡೆ ತಿರುಗಿದಳು.

“ಹಂಗಾದ್ರ ಯುನೂಸಣ್ಣ ಹೇಳಿದ್ದೂ ನಿಮಗ ಕೇಳಿಸಿಲ್ಲಾ?”

ಯುನೂಸನ ಹೆಂಡತಿ ಮುಸರತ್ ಸಂತೆಯಲ್ಲಿ ಸಿಕ್ಕು ಹೇಳಿದ್ದಳಂತೆ. ಏಪ್ರಿಲ್ 20ರಂದು ತಬಸುಮಳ ಮದುವೆಯ ಮಾತುಕತೆಗೆ ಹುಡುಗನ ತಂದೆ, ಅಣ್ಣಿಗೇರಿಯ ದಾವೂದಸಾಬರ ಮನೆಗೆ ಹೋಗುವುದಿತ್ತು. ನಾನು ಜೊತೆಗೆ ಬಂದು, ಮದುವೆಯಾದ ಮೇಲೂ ಹುಡುಗಿಗೆ ಬಿ.ಎಡ್. ಓದಿಸಬೇಕೆಂದು ಅವಳ ಮಾಸ್ತರನಾಗಿ ಒಂದು ಮಾತು ಹೇಳಬೇಕಿತ್ತು. ಬರುತ್ತೇನೆಂದು ಒಪ್ಪಿದ್ದೆ, ದಾರಿಯುದ್ದಕ್ಕೂ. ಆ ದಿನ ಅವನು ನಿಲ್ದಾಣದಲ್ಲಿ ನಿಂತು ಮೂರು ಸಲ ಫೋನ್ ಮಾಡಿದ್ದಾನೆ. ಮದುವೆ ಗಟ್ಟಿಯಾಯಿತು. ಓದಿನ ಮಾತು ಹಾಗೇ ಉಳಿಯಿತು.

“ನಿಮಗ ಹೆಂಗ ಕೇಳ್ಲಿ ಅಂತ ಸುಮ್ನಿದ್ದೆ. ಇಬ್ಬರೂ ಏನೋ ಜಗಳಾಡೀರಿ ಅಂದ್ಕೊಂಡಿದ್ದೆ” ಎಂದಳು ಮಹಾಲಕ್ಷ್ಮಿ.

ನಾನು ಅವನ ಅಂಗಡಿಗೆ ಹೋಗಿ, ಐದು ಜನರ ಮುಂದೆ, ಸತ್ತ ಮಾಲು ಎಂದೆ.

ಮೇ 7, ಬುಧವಾರ

ನವಲಗುಂದದ ಬಸ್ ಹತ್ತಲು ಎರಡು ಸಲ ನಿಲ್ದಾಣಕ್ಕೆ ಹೋದೆ. ಎರಡು ಸಲ ತಿರುಗಿ ಬಂದೆ. ಬಸ್ಸಿನಲ್ಲಿ ಗದ್ದಲ ಹೆಚ್ಚಿತ್ತು.

ಮೇ 9, ಶುಕ್ರವಾರ

ಹೋದೆ. ಜುಮ್ಮಾ ಮುಗಿಸಿ ಬಂದು ಯುನೂಸ್ ಅಂಗಡಿಯ ಶಟರ್ ಎತ್ತುತ್ತಿದ್ದ. ದಾರಿಯಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ.

“ಎಡಗಿವಿ ಹೋಗೈತಿ ಯುನೂಸ್. ಪೂರಾ. ಅವತ್ತ ಗಾಡಿ ಮ್ಯಾಲೆ ನೀ ಹೇಳಿದ್ದು ಒಂದೂ ಕೇಳಿಸಿಲ್ಲ. ಸುಮ್ನ ಹ್ಞೂಂ ಅಂದೆ.”

ಅವನು ಅರ್ಧ ಎತ್ತಿದ ಶಟರನ್ನು ಹಾಗೇ ಹಿಡಿದು ನಿಂತ.

“ಕೇಳಿಸಿಲ್ಲ ಅಂತ ಹೇಳಾಕ ಏನಾಗಿತ್ತಲೇ ನಿನಗ?”

“ನಾಚಿಕಿ.”

“ಯಾರ ಮುಂದ? ನನ್ನ ಮುಂದ?” ಈಗ ಕೂಗಿದ. ಎದುರಿನ ಚಹಾದಂಗಡಿಯವರೆಲ್ಲ ತಿರುಗಿ ನೋಡಿದರು. “ನಿನ್ನ ಚಡ್ಡಿ ಹರದಾಗಿಂದ ನೋಡೀನಿ ನಾ! ಅವತ್ತ ನಿಲ್ದಾಣದಾಗ ಒಂದ ತಾಸು ನಿಂತಿದ್ದೆ. ಹೊಳ್ಯಾ ಬರ್ತಾನ, ಹೊಳ್ಯಾ ಬರ್ತಾನ ಅಂತ ಮುಸರತ್‌ಗೆ ಹೇಳ್ಕೋತ.”

ಬೈದ. ಬೈಯುವುದನ್ನು ಪೂರ್ತಿ ಮುಗಿಸಿದ ಮೇಲೆ ಸ್ಟೂಲ್ ಎತ್ತಿಕೊಂಡು ಬಂದು ನನ್ನ ಬಲಗಡೆಗೆ ಹಾಕಿ ಕೂತ. ಚಹಾ ತರಿಸಿದ. ಚಹಾ ಕಲಗಚ್ಚಿನಂತಿತ್ತು. ಎರಡು ಕಪ್ ಕುಡಿದೆ.

ಇನ್ನೂ ಹೇಳಬಹುದೇ ಎಂದು ಕೇಳಿದೆ. ನಿಕಾ ಆಗುವುದರೊಳಗೆ ಹೇಳಬಹುದು ಎಂದ.

“ನಾ ಹೆಣ್ಣಿನ ಅಪ್ಪ. ನಾ ಹೇಳಿದ್ರ ಅದು ಶರತ್ತು ಆಗತೈತಿ. ನೀ ಹೇಳಿದ್ರ ಮಾಸ್ತರ ಮಾತು ಆಗತೈತಿ.”

ಯಾರ ಮಾತಾದರೂ ಮೊದಲು ಹುಡುಗಿಯದನ್ನು ಕೇಳೋಣವೆಂದು ತಬಸುಮಳಿಗೆ ಫೋನ್ ಮಾಡಿದೆ, ಬಲಗಿವಿಗೆ ಹಿಡಿದು. “ಸರ್, ನನ್ನ ಕೇಳಿದವರು ನೀವ ಮೊದಲಿಗ್ರಿ” ಎಂದಳು. “ಹುಡುಗ ಒಳ್ಳೆಯಾಂವ ಅದಾನ್ರಿ. ಮದವಿ ಬ್ಯಾಡ ಅಂತ ಇಲ್ರಿ. ಆದ್ರ ನಂಗ ಓದಬೇಕ್ರಿ.”

ಮೇ 12, ಸೋಮವಾರ

ಅವ್ವನಿಗೆ ಮಧ್ಯಾಹ್ನ ಬಾಜಾ ಬೇಕು. ಒಂದು ದಿನ ತಪ್ಪಿದರೆ ‘ಕರೆಂಟಿಲ್ಲೇನೊ?’ ಎನ್ನುತ್ತಾಳೆ. ನಾನು ಆಡುವಾಗ ಎಡ ಬಟ್ಟಲನ್ನು ಹೊರಕ್ಕೆ ತಿರುಗಿಸಿ ಅವಳಿಗೆ ಕೊಡುತ್ತೇನೆ. ತಲೆಗೆ ತಲೆ ಹಚ್ಚಿ ಕೂರುತ್ತೇವೆ. ನನ್ನ ಕಡೆ ಗುಂಡು, ಅವಳ ಕಡೆ ಹಾಡು. ನನ್ನ ಮನುಷ್ಯ ಗುಂಡು ತಿಂದು ಬಿದ್ದಾಗಲೂ ಅವಳಿಗೆ ಸಂಗೀತವೇ.

ಜೊತೆಗೆ ಅವಳ ಪಾಠ ಬೇರೆ. ಹಬ್ಬ ಹುಣ್ಣಿಮೆಗೆ ಹೋದರೆ ಕೆಟ್ಟ ಕಿವಿಯನ್ನು ಗೋಡೆಯ ಕಡೆ ಮಾಡಿ ಕೂರಬೇಕು. ಬಾಯಿ ಮುಚ್ಚಿಕೊಂಡು ಮಾತಾಡುವವರ ಜೊತೆ ಸಂಬಂಧ ಕಡಿಮೆ ಇಡಬೇಕು. ಹಣ್ಣು ಮಾರುವವಳ ಜೊತೆ ಚೌಕಾಶಿ ಮಾಡುವಾಗ ಮಾತ್ರ ಕೇಳುವ ಕಿವಿಯನ್ನೂ ಕಿವುಡು ಮಾಡಬೇಕು. ಇಷ್ಟು ತಿಳಿದವಳನ್ನು ಇಪ್ಪತ್ತು ವರ್ಷ ಒಂದು ಮೂಲೆಯಲ್ಲಿ ಕೂರಿಸಿ, ಊಟ ಆತೇನ ಎಂದಷ್ಟೇ ಕೂಗುತ್ತಿದ್ದೆವು.

ಗುಳಿಗೆಗಳಿಂದ ಹೊಟ್ಟೆಯಲ್ಲಿ ಉರಿ. ಬೇರೆ ಪರಿಣಾಮ ಇಲ್ಲ.

ಮೇ 15, ಗುರುವಾರ

ಅಣ್ಣಿಗೇರಿಗೆ ಬಸ್ಸಿನಲ್ಲಿ ಹೋದೆವು, ಯುನೂಸ್ ಮತ್ತು ನಾನು. ದಾವೂದಸಾಬರದು ಬಟ್ಟೆಯ ವ್ಯಾಪಾರ. ಮನೆತನ ಗಟ್ಟಿ, ದನಿ ತೀರ ಸಣ್ಣದು. ಅವರ ಹೆಂಡತಿ ಮೆಹರುನಬಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ದಾವೂದಸಾಬರು ಮರ್ಯಾದೆಯಿಂದ ನನ್ನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ನನ್ನ ಎಡಗಡೆ ಅವರು.

ಅವರು ಏನೋ ಕೇಳಿದರು. ನಾನು ನಕ್ಕು ತಲೆ ಆಡಿಸಿದೆ.

ಎದುರಿಗಿದ್ದ ಯುನೂಸನ ಮುಖ ಬಿಳಚಿತು.

ಅವ್ವ ಹೇಳಿದ ನಗು ಅದೇ. ನನ್ನ ಮುಖದ ಮೇಲೆ ಅದು ಇರುವುದು ನನಗೇ ಗೊತ್ತಾಯಿತು, ಬೆವರಿನ ಹಾಗೆ. ಎದ್ದು ನಿಂತೆ.

“ಸಾಹೇಬ್ರ, ತಪ್ಪ ತಿಳಕೋಬ್ಯಾಡ್ರಿ. ನಂಗ ಈ ಕಿವಿ ಕೇಳೂದಿಲ್ರಿ. ಹೋದ ತಿಂಗಳ ಹೋತು. ನೀವೇನ ಕೇಳಿದ್ರಿ, ನಾ ಏನಕ್ಕ ಹ್ಞೂಂ ಅಂದೆ, ಒಂದೂ ಗೊತ್ತಿಲ್ಲ. ಬಾಜು ಬದಲಸ್ತೀನಿ, ಇನ್ನೊಮ್ಮೆ ಕೇಳ್ರಿ.”

ಕುರ್ಚಿ ಎತ್ತಿಕೊಂಡು ಅವರ ಆಚೆ ಪಕ್ಕಕ್ಕೆ ಹೋಗಿ ಕೂತೆ. ದಾವೂದಸಾಬರು ಗಂಟಲು ಸರಿಮಾಡಿಕೊಂಡರು. ಅವರು ಕೇಳಿದ್ದು ಇದು: “ಓದು ಸಾಕು ಅಂತ ಹುಡುಗೀನ ಅಂದಾಳಂತಲ್ರಿ, ಖರೇನ?” ಇಷ್ಟಕ್ಕೆ ನಾನು ನಕ್ಕು ಹೌದು ಎಂದಿದ್ದೆ.

“ಇಲ್ರಿ. ಹಂಗ ಆಕಿ ಅಂದಿಲ್ಲ. ಮದವಿನೂ ಬೇಕು, ಬಿ.ಎಡ್.ನೂ ಬೇಕು ಅಂತ ಆಕೀನ ನನ್ನ ಮುಂದ ಹೇಳ್ಯಾಳ. ಇಪ್ಪತ್ತೆರಡ ವರ್ಷ ಮಾಸ್ತರಿಕಿ ಮಾಡೀನ್ರಿ. ನಂಗ ತಿರುಗಿ ಪ್ರಶ್ನೆ ಕೇಳಿದ ಹುಡುಗ್ರು ಕೈಬೆರಳಿನಷ್ಟ ಅದಾರ. ಆಕಿ ಅವರಾಗ ಒಬ್ಬಾಕಿ.”

ದಾವೂದಸಾಬರು ಯುನೂಸನ ಕಡೆ ನೋಡಿದರು. ಮನೆಗೆ ಬಂದ ಸೊಸೆ ದಿನಾ ಬಸ್ ಹತ್ತಿ ಕಾಲೇಜಿಗೆ ಹೋಗುವುದು ಅವರ ಮನಸ್ಸಿಗೆ ಬರುತ್ತಿರಲಿಲ್ಲವೆಂದು ಕಾಣುತ್ತಿತ್ತು. ಆಗ ಬಾಗಿಲ ಹತ್ತಿರದಿಂದ ಮೆಹರುನಬಿ ಮಾತಾಡಿದರು. ಅವರ ದನಿಗೆ ಎರಡೂ ಕಿವಿ ಹೋದವರೂ ಎದ್ದು ಕೂರುತ್ತಾರೆ.

“ನಮ್ಮ ಹುಡುಗ ಡಿಗ್ರಿ ಮುಗಸಾಕ ಐದ ವರ್ಷ ತಗೊಂಡಾನ. ಈ ಮನ್ಯಾಗ ಯಾರರ ಒಬ್ಬರು ನೆಟ್ಟಗ ಓದ್ಲಿ ಬಿಡ್ರಿ. ಅರ್ಜಿ ಹಾಕಸ್ರಿ.”

ಮಾತು ಅಲ್ಲಿಗೆ ಮುಗಿಯಿತು. ಬರುವಾಗ ದಾವೂದಸಾಬರು ಬಾಗಿಲವರೆಗೆ ಬಂದರು, ನನ್ನ ಬಲಗಡೆ ನಡೆಯುತ್ತ. ಅವರಿಗೂ ಈಗೀಗ ಸ್ವಲ್ಪ ಕಡಿಮೆ ಕೇಳಿಸುತ್ತದಂತೆ. ಮನೆಯಲ್ಲಿ ಯಾರಿಗೂ ಹೇಳಿಲ್ಲವಂತೆ. ಹುಬ್ಬಳ್ಳಿ ಡಾಕ್ಟರರ ಹೆಸರು ಬರೆಸಿಕೊಂಡರು.

ಮೇ 20, ಮಂಗಳವಾರ

ಯುನೂಸ್ ಬೆಸುಗೆಯ ಸಾಮಾನಿನ ಜೊತೆ ಬಂದ. ನನ್ನ ಚೆಂದದ ಬೆಸುಗೆಯನ್ನು ನೋಡಿ, ಇಂಥದ್ದನ್ನು ಎಮ್ಮೆಯೂ ಹಾಕುತ್ತದೆ ಎಂದ. ಬಿಚ್ಚಿ, ಒಂದು ಕಾರ್ಡಿನ ಸದ್ದನ್ನು ಇನ್ನೊಂದರೊಳಗೆ ಹಾಯಿಸಿ, ಎರಡನ್ನೂ ಕೂಡಿಸಿ ಎರಡೂ ಬಟ್ಟಲಿಗೆ ಕೊಟ್ಟ.

ಒಂದೇ ಕಿವಿಯಲ್ಲಿ ಗುಂಡು, ಹಾಡು ಎರಡೂ. ಮೊದಲು ಸಂತೆ ಗದ್ದಲದಂತಿತ್ತು. ಹಾಡನ್ನು ಸ್ವಲ್ಪ ಏರಿಸಿ, ಗುಂಡನ್ನು ಸ್ವಲ್ಪ ಇಳಿಸಿ, ಒಂದು ಹದಕ್ಕೆ ತಂದ. ಅವ್ವ ತನ್ನ ಕಡೆಯ ಬಟ್ಟಲು ಹಚ್ಚಿಕೊಂಡವಳು ಎರಡೇ ನಿಮಿಷಕ್ಕೆ ಕಿತ್ತಿಟ್ಟಳು. “ಇದೇನೊ, ಮದವಿ ಬಾಜಾದಾಗ ಪಟಾಕ್ಷಿ ಹಾರಸಾಕತ್ತೀರಿ!” ಅವಳಿಗಾಗಿ ಗುಂಡು ಬಂದ್ ಮಾಡುವ ಒಂದು ಸ್ವಿಚ್ ಹಾಕಬೇಕಾಯಿತು. ಯುನೂಸ್ ಸಂಜೆಯವರೆಗೆ ಇದ್ದು ಹದಿನಾಲ್ಕು ಸಲ ಸತ್ತ. ಆಟ ಹಳೆಯದಾಯಿತು, ಕೀಬೋರ್ಡ್ ಅಂಟುತ್ತದೆ ಎಂದ. ಮಹಾಲಕ್ಷ್ಮಿ ಕೂತು ನಾಲ್ಕನೆಯ ಹಂತ ದಾಟಿದಳು.

ಮೇ 29, ಗುರುವಾರ

ಶಾಲೆ ಶುರು. ಹೆಡ್ ಮಾಸ್ತರರಿಗೆ ಬೆಳಿಗ್ಗೆಯೇ ಹೇಳಿದೆ. ‘ಅರ್ಜಿ ಕೊಡ್ರಿ’ ಎಂದರು. ಕಿವಿ ಹೋದದ್ದಕ್ಕೆ ಅರ್ಜಿ ಯಾರಿಗೆ, ಯಾವ ನಮೂನೆಯಲ್ಲಿ ಎಂದು ಅವರಿಗೂ ಗೊತ್ತಿರಲಿಲ್ಲ.

ಎಂಟನೆಯ ತರಗತಿಗೆ ಹೋಗಿ ನಿಂತೆ. ಹೊಸ ಮುಖಗಳು, ನನ್ನ ಎಡಕ್ಕೆ ಹುಡುಗರು, ಬಲಕ್ಕೆ ಹುಡುಗಿಯರು. ಹಾಜರಿ ಕರೆಯುವ ಮೊದಲೇ ಹೇಳಿಬಿಟ್ಟೆ: “ನೋಡ್ರಿ, ನಂಗ ಎಡಗಿವಿ ಕೇಳೂದಿಲ್ಲ. ಈ ಕಡೆ ಕುಂತವರು ಎದ್ದು ನಿಂತು ಜೋರಾಗಿ ಹೇಳಬೇಕು. ನಾ ಉತ್ತರಾ ಕೊಡಲಿಲ್ಲ ಅಂದ್ರ ಸಿಟ್ಟಿಗೆದ್ದೀನಂತಲ್ಲ, ಕೇಳಿಸಿಲ್ಲ ಅಂತ.” ನಲವತ್ತು ಮಕ್ಕಳು ಗಂಭೀರವಾಗಿ ತಲೆ ಆಡಿಸಿದರು. ಒಳ್ಳೆಯ ಮಕ್ಕಳು ಎಂದುಕೊಂಡೆ.

ಮೇ 30, ಶುಕ್ರವಾರ

ಇವತ್ತು ತರಗತಿಯೊಳಗೆ ಕಾಲಿಟ್ಟರೆ ಬಲಗಡೆಯ ಬೆಂಚುಗಳೆಲ್ಲ ಖಾಲಿ. ಹುಡುಗರು, ಹುಡುಗಿಯರು, ನಲವತ್ತೂ ಜನ ಎಡಗಡೆಯ ಐದು ಬೆಂಚುಗಳಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಎನ್ನುವಂತೆ ಒತ್ತಿಕೊಂಡು, ಪುಸ್ತಕ ತೆರೆದು, ದೇವರ ಮುಂದೆ ಕೂತ ಹಾಗೆ ಕೂತಿದ್ದಾರೆ.

“ಕಿವಿ ಹೋಗೈತಿ, ಕಣ್ಣು ಅದಾವ” ಎಂದೆ.

ಒಮ್ಮೆಲೇ ನಗು ಎದ್ದಿತು. ಒಂದೇ ಕಿವಿಯಾದರೆ ಸದ್ದು ಬಂದ ದಿಕ್ಕು ತಿಳಿಯುವುದಿಲ್ಲ. ಗೋಡೆ, ಚಾವಣಿ, ಬೋರ್ಡು ಎಲ್ಲ ಕಡೆಯಿಂದ ನಗು ಬಂದಂತಾಯಿತು. ಮೊದಲು ಯಾರು ನಕ್ಕರೆಂದು ಹುಡುಕಲು ನಿಂತವನು, ನಡುವೆ ನಾನೂ ನಕ್ಕುಬಿಟ್ಟೆ. ಪಾಠ ಅರ್ಧವೇ ಆಯಿತು.